ಮಾಲ್ಟುಸಾರದ ಎರಡು ರೂಪಗಳು: ಪಾಕವೂ ಪುಡಿಯೂ

೧

ಆಲೆಮನೆಯಲ್ಲಿ ಕೊಪ್ಪರಿಗೆಯನ್ನು ಒಲೆಯಿಂದ ಇಳಿಸುವ ಹೊತ್ತನ್ನು ಅನುಸರಿಸಿ ಬೆಲ್ಲದ ಜಾತಿ ನಿರ್ಧಾರವಾಗುತ್ತದೆ. ಸ್ವಲ್ಪ ಮೊದಲೇ ಇಳಿಸಿದರೆ ಜೋನಿಬೆಲ್ಲ. ಇನ್ನಷ್ಟು ಬತ್ತಿಸಿ ಅಚ್ಚಿಗೆ ಹೊಯ್ದರೆ ಅಚ್ಚುಬೆಲ್ಲ. ಎರಡರ ಸಿಹಿಯೂ ಒಂದೇ ಗದ್ದೆಯ ಕಬ್ಬಿನದು. ಭೇದವಿರುವುದು ಒಳಗುಳಿದ ನೀರಿನಲ್ಲಿ. ಆದರೂ ಆ ಅಲ್ಪ ನೀರಿನಿಂದಲೇ ಒಂದು ಹುಳಿಯುವುದು, ಮತ್ತೊಂದು ಮಳೆಗಾಲದಲ್ಲಿ ಜಿನುಗುವುದು, ಒಂದನ್ನು ಭರಣಿಯಲ್ಲಿಯೂ ಮತ್ತೊಂದನ್ನು ಅಟ್ಟದ ಮೇಲೂ ಇಡಬೇಕಾಗುವುದು ಮೊದಲಾದ ಎಲ್ಲ ವ್ಯತ್ಯಾಸಗಳೂ ಹುಟ್ಟುತ್ತವೆ. ಪಶ್ಚಿಮ ದೇಶಗಳಲ್ಲಿ ಮನೆಯಲ್ಲಿಯೇ ಬೀರನ್ನು ತಯಾರಿಸುವವರ ಮುಂದೆ ಇಂಥದೇ ಒಂದು ಪ್ರಶ್ನೆಯು ಬಹುಕಾಲದಿಂದ ನಿಂತಿದೆ. ಅವರು ಕೊಳ್ಳುವ ಮಾಲ್ಟುಸಾರವು ಪಾಕದ ರೂಪದಲ್ಲಿಯೂ ದೊರೆಯುತ್ತದೆ, ಪುಡಿಯ ರೂಪದಲ್ಲಿಯೂ ದೊರೆಯುತ್ತದೆ. ಇವೆರಡರಲ್ಲಿ ಯಾವುದು ಗ್ರಾಹ್ಯ?

ಈ ಪ್ರಶ್ನೆಯನ್ನು ಕೇವಲ ರುಚಿಯ ಪ್ರಶ್ನೆಯೆಂದು ತಿಳಿಯುವುದೇ ವಾಡಿಕೆ. ಪಾಕವು ಪ್ರಾಚೀನವಾದುದರಿಂದ ಸಹಜವೆಂದೂ, ಪುಡಿಯು ಯಂತ್ರಯುಗದ ಕೃತಕ ವಸ್ತುವೆಂದೂ ಕೆಲವರು ಹೇಳುತ್ತಾರೆ. ಪುಡಿಯೇ ಶುದ್ಧವೆಂದೂ ಪಾಕವು ಕೀಳೆಂದೂ ಮತ್ತೆ ಕೆಲವರು ವಾದಿಸುತ್ತಾರೆ. ಮಾಲ್ಟುಸಾರದ ಚರಿತ್ರೆಯನ್ನು ಮೊದಲಿನಿಂದ ಪರಿಶೀಲಿಸಿದರೆ ಈ ಎರಡು ಮಾತುಗಳೂ ನಿಲ್ಲತಕ್ಕವಲ್ಲವೆಂದು ಕಂಡುಬರುತ್ತದೆ. ಆ ಚರಿತ್ರೆಯ ಉದ್ದಕ್ಕೂ ನಡೆದಿರುವುದು ಒಂದೇ ಪ್ರಯತ್ನ. ಸಿಹಿರಸದಿಂದ ನೀರನ್ನು ತೆಗೆಯಬೇಕು. ತೆಗೆಯುವಾಗ ಬೆಂಕಿಯಿಂದ ರಸವು ಕೆಡಬಾರದು. ತೆಗೆದಮೇಲೆ ಕಾಲದಿಂದ ಕೆಡಬಾರದು. ಪಾಕವೂ ಪುಡಿಯೂ ಈ ಒಂದೇ ಸಮಸ್ಯೆಗೆ ದೊರೆತ ಎರಡು ಉತ್ತರಗಳು.

ಮಾಲ್ಟೆಂದರೆ ನೆನೆಯಿಸಿ ಮೊಳೆಯಿಸಿ ಒಣಗಿಸಿದ ಧಾನ್ಯ. ರಾಗಿಯನ್ನು ಮೊಳೆಯಿಸಿ ಹಿಟ್ಟುಮಾಡುವುದು ಕನ್ನಡನಾಡಿನ ಮನೆಮನೆಗೂ ಗೊತ್ತಿದೆ. ಯೂರೋಪಿನಲ್ಲಿ ಆ ಸ್ಥಾನವು ಜವೆಗೋದಿಗೆ, ಎಂದರೆ ಬಾರ್ಲಿಗೆ, ಸಲ್ಲುತ್ತದೆ. ಮೊಳೆತ ಜವೆಯು ನಮ್ಮ ಪ್ರಾಚೀನರಿಗೂ ಅಪರಿಚಿತವಾಗಿರಲಿಲ್ಲ. ಸೌತ್ರಾಮಣೀ ಯಾಗದ ಸುರೆಗೆ ಬೇಕಾದ ದ್ರವ್ಯಗಳಲ್ಲಿ ಅದು ‘ತೋಕ್ಮ’ವೆಂಬ ಹೆಸರಿನಿಂದ ಬರುತ್ತದೆ. ಮೊಳೆಯುವಾಗ ಕಾಳಿನೊಳಗೆ ಒಂದು ಶಕ್ತಿಯು ಪ್ರಬಲವಾಗಿ, ಹಿಟ್ಟಿನ ಅಂಶವನ್ನು ಸಕ್ಕರೆಯನ್ನಾಗಿ ಮಾರ್ಪಡಿಸಲು ಸಮರ್ಥವಾಗುತ್ತದೆ. ೧೮೩೩ರಲ್ಲಿ ಪಯಾನ್ ಮತ್ತು ಪೆರ್ಸೊ ಎಂಬ ಫ್ರೆಂಚ್ ರಸಾಯನಜ್ಞರು ಮಾಲ್ಟಿನ ರಸದಿಂದ ಅದನ್ನು ಬೇರ್ಪಡಿಸಿ ‘ಡಯಾಸ್ಟೇಸ್’ ಎಂದು ಹೆಸರಿಟ್ಟರು. ನುರಿಸಿದ ಮಾಲ್ಟನ್ನು ಹದವಾದ ಬಿಸಿನೀರಿನಲ್ಲಿ ನೆನೆಯಿಸಿ ಸೋಸಿದರೆ ದೊರೆಯುವ ಸಿಹಿರಸಕ್ಕೆ ಇಂಗ್ಲಿಷರು ‘ವರ್ಟ್’ ಎನ್ನುತ್ತಾರೆ. ಇದನ್ನು ಹಾಪ್ ಹೂವಿನೊಡನೆ ಕುದಿಸಿ, ಆರಿಸಿ, ಯೀಸ್ಟು ಸೇರಿಸಿ ಹುದುಗಿಸಿದರೆ ಬೀರಾಗುತ್ತದೆ. ಸಿಹಿರಸವನ್ನು ಹುದುಗಿಸುವುದಕ್ಕೆ ಬದಲಾಗಿ ಬತ್ತಿಸಿ ಇಟ್ಟುಕೊಂಡರೆ ಅದೇ ಮಾಲ್ಟುಸಾರ.

೨

ಸಿಹಿರಸವನ್ನು ಬತ್ತಿಸಿ ದೂರಕ್ಕೆ ಒಯ್ಯುವ ಯೋಚನೆಗೆ ಪ್ರೇರಕವಾದುದು ಸಮುದ್ರಯಾನ. ಹದಿನೆಂಟನೆಯ ಶತಮಾನದ ನಾವಿಕರನ್ನು ಸ್ಕರ್ವಿಯೆಂಬ ವ್ಯಾಧಿಯು ಗುಂಪುಗುಂಪಾಗಿ ಕೊಲ್ಲುತ್ತಿತ್ತು. ಒಸಡುಗಳು ಕೊಳೆತು, ಹಲ್ಲುಗಳು ಸಡಿಲಿ, ಹಳೆಯ ಗಾಯಗಳು ಮತ್ತೆ ಬಾಯಿಬಿಟ್ಟು ಮನುಷ್ಯನು ಸಾಯುತ್ತಿದ್ದನು. ಜೇಮ್ಸ್ ಲಿಂಡ್ ಎಂಬ ವೈದ್ಯನು ೧೭೪೭ರಲ್ಲಿ ಹನ್ನೆರಡು ಮಂದಿ ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯಲ್ಲಿ, ಕಿತ್ತಳೆ ನಿಂಬೆಗಳನ್ನು ತಿಂದವರೇ ಬೇಗ ಗುಣಹೊಂದಿದರು. ಆದರೆ ೧೭೬೪ರಲ್ಲಿ ಡೇವಿಡ್ ಮ್ಯಾಕ್‌ಬ್ರೈಡ್ ಎಂಬ ಮತ್ತೊಬ್ಬ ವೈದ್ಯನು, ಹುದುಗುವ ಪದಾರ್ಥಗಳಿಂದ ಹೊರಡುವ ವಾಯುವು ದೇಹದ ಕೊಳೆತವನ್ನು ತಡೆಯುವುದೆಂದು ವಾದಿಸಿ, ಮಾಲ್ಟಿನ ಸಿಹಿರಸವೇ ತಕ್ಕ ಮದ್ದೆಂದು ಸಾರಿದನು. ಮಾಲ್ಟು ಅಗ್ಗ, ಹಡಗಿನಲ್ಲಿ ಇಡಲು ಅನುಕೂಲ. ನೌಕಾಧಿಕಾರಿಗಳಿಗೆ ಈ ವಾದವು ರುಚಿಸಿತು.

ಕ್ಯಾಪ್ಟನ್ ಜೇಮ್ಸ್ ಕುಕ್ಕನ ಎರಡನೆಯ ಯಾತ್ರೆಯು ೧೭೭೨ರ ಜುಲೈ ತಿಂಗಳಲ್ಲಿ ಪ್ಲಿಮತ್ ರೇವಿನಿಂದ ಹೊರಟಿತು. ನೌಕಾಸೈನ್ಯದ ಆಹಾರಸಾಮಗ್ರಿಯ ಕಚೇರಿಯಲ್ಲಿ ಕಾರ್ಯದರ್ಶಿಯಾಗಿದ್ದ ಪೆಲ್‌ಹ್ಯಾಮ್ ಎಂಬಾತನು ಸಿಹಿರಸವನ್ನು ಬತ್ತಿಸಿ ಸಿದ್ಧಪಡಿಸಿದ ಪಾಕವನ್ನು ಪರೀಕ್ಷಾರ್ಥವಾಗಿ ಆ ಯಾತ್ರೆಯ ಹಡಗುಗಳಿಗೆ ಕೊಟ್ಟಿದ್ದನು. ಅರ್ಧ ಪೀಪಾಯಿಗಳ ಲೆಕ್ಕದಲ್ಲಿ ಮೂವತ್ತೊಂದು. ಅವುಗಳಲ್ಲಿ ಹತ್ತೊಂಬತ್ತು ಕುಕ್ಕನ ಹಡಗಿನಲ್ಲಿದ್ದವು; ಆ ಹತ್ತೊಂಬತ್ತರಲ್ಲಿ ಹದಿನೈದು ಹಾಪ್ ಸೇರಿಸಿದ ಸಿಹಿರಸವನ್ನು ಹುದುಗಿಸುವ ಮೊದಲೇ ಬತ್ತಿಸಿದವು, ನಾಲ್ಕು ಹುದುಗಿಸಿದ ಮೇಲೆ ಬತ್ತಿಸಿದವು. ಒಂದು ಪಾಲು ಪಾಕಕ್ಕೆ ಎಂಟರಿಂದ ಹನ್ನೆರಡು ಪಾಲು ತಣ್ಣೀರು ಬೆರಸಬೇಕು. ಎರಡನೆಯ ಬಗೆಯದು ಕೆಲವು ದಿನಗಳಲ್ಲಿ ತಾನಾಗಿಯೇ ಕುಡಿಯಲು ಯೋಗ್ಯವಾಗುತ್ತದೆ, ಮೊದಲ ಬಗೆಯದಕ್ಕೆ ಯೀಸ್ಟು ಬೇಕು ಎಂಬುದು ವಿಧಾನ. ನೀರನ್ನು ನೆಲದಲ್ಲಿ ಬಿಟ್ಟು ಬೀರಿನ ಸತ್ತ್ವವನ್ನು ಮಾತ್ರ ಒಯ್ಯುವುದು ಎಷ್ಟು ಜಾಣತನದ ಯೋಚನೆಯೆಂಬುದನ್ನು ಹೇಳಬೇಕಾದುದಿಲ್ಲ.

ಆದರೆ ಹಡಗು ಉಷ್ಣವಲಯವನ್ನು ಪ್ರವೇಶಿಸುತ್ತಿದ್ದಂತೆಯೇ ಪೀಪಾಯಿಗಳೊಳಗಿನ ಪಾಕವು ಉಕ್ಕತೊಡಗಿತು. ಸೆಕೆಯೂ ಹಡಗಿನ ಕುಲುಕಾಟವೂ ಇದಕ್ಕೆ ಕಾರಣವೆಂದು ಕುಕ್ಕನು ಬರೆದಿದ್ದಾನೆ. ಎರಡು ಬಗೆಯ ಪಾಕಗಳೂ ಪೂರ್ಣವೇಗದಿಂದ ಹುದುಗುತ್ತಿದ್ದವು. ಅದನ್ನು ನಿಲ್ಲಿಸಲು ಮಾಡಿದ ಯತ್ನಗಳೆಲ್ಲ ವಿಫಲವಾದವು. ಈ ರಸವನ್ನು ಹುದುಗದಂತೆ ಇರಿಸುವ ಉಪಾಯವೊಂದು ದೊರೆತರೆ ಇದು ಸಮುದ್ರದಲ್ಲಿ ಅತ್ಯಂತ ಬೆಲೆಯುಳ್ಳ ಪದಾರ್ಥವಾದೀತೆಂಬುದು ಅವನ ಅಭಿಪ್ರಾಯ. ಆದರೂ ಪಾಕವೆಲ್ಲ ವ್ಯರ್ಥವಾಗಲಿಲ್ಲ. ೧೭೭೩ರಲ್ಲಿ ನ್ಯೂಜಿಲೆಂಡಿನ ಡಸ್ಕಿ ಸೌಂಡ್ ಎಂಬ ಕೊಲ್ಲಿಯಲ್ಲಿ ತಂಗಿದ್ದಾಗ, ಅಲ್ಲಿನ ರಿಮು ಮರದ ಚಿಗುರುಗಳನ್ನೂ ಮಾನುಕಾ ಎಲೆಗಳನ್ನೂ ಕುದಿಸಿ, ಆ ಕಷಾಯಕ್ಕೆ ಈ ಪಾಕವನ್ನೂ ಕಾಕಂಬಿಯನ್ನೂ ಸೇರಿಸಿ ಅವನು ಬೀರು ಮಾಡಿಸಿದನು. ನ್ಯೂಜಿಲೆಂಡಿನಲ್ಲಿ ತಯಾರಾದ ಮೊತ್ತಮೊದಲ ಬೀರೆಂದು ಇದು ಗಣ್ಯವಾಗಿದೆ.

ಪೆಲ್‌ಹ್ಯಾಮನ ಪಾಕವು ಏಕೆ ಹುದುಗಿತು? ನೀರು ಸಾಕಷ್ಟು ಹೋಗಿರಲಿಲ್ಲವೆಂಬುದೇ ಉತ್ತರ. ಸಕ್ಕರೆಯ ಸಾಂದ್ರತೆಯು ಒಂದು ಮಿತಿಯನ್ನು ದಾಟಿದರೆ ಯೀಸ್ಟಿನ ಜೀವಕಣಗಳಿಗೆ ಬೇಕಾದ ನೀರು ದೊರೆಯದೆ ಅವು ಸ್ತಬ್ಧವಾಗುತ್ತವೆ. ಜೇನುತುಪ್ಪವು ಕೆಡದಿರುವುದೂ ಇದೇ ಕಾರಣದಿಂದ. ಆ ಮಿತಿಯ ಕೆಳಗೆ ನಿಂತ ಪಾಕವು ಯೀಸ್ಟಿಗೆ ಔತಣವೇ ಸರಿ. ಆದರೆ ಯೀಸ್ಟು ಜೀವವುಳ್ಳದ್ದೆಂಬುದೇ ಆಗಿನ ವಿದ್ವಾಂಸರಿಗೆ ತಿಳಿದಿರಲಿಲ್ಲ. ರಸದ ಸಾಂದ್ರತೆಯನ್ನು ಅಳೆಯುವ ಸ್ಯಾಕರೋಮೀಟರ್ ಎಂಬ ಉಪಕರಣವನ್ನು ಹಲ್ ನಗರದ ಜಾನ್ ರಿಚರ್ಡ್‌ಸನ್ ತನ್ನ ಗ್ರಂಥದ ಮೂಲಕ ಬೀರಿನ ಕಸಬಿನವರಲ್ಲಿ ಪ್ರಚಾರಪಡಿಸಿದುದು ೧೭೮೪ರಲ್ಲಿ. ಇನ್ನೂ ಬತ್ತಿಸಬಹುದಾಗಿತ್ತಲ್ಲ ಎಂದು ಕೇಳಬಹುದು. ತೆರೆದ ಬಾಣಲೆಯಲ್ಲಿ ಬೆಂಕಿಯ ಮೇಲೆ ಅತಿಯಾಗಿ ಬತ್ತಿಸಿದರೆ ಪಾಕವು ಕಪ್ಪೇರಿ ಸೀದು ಕಹಿಯಾಗುತ್ತದೆ. ಹೀಗೆ ಒಂದು ಕಡೆ ನೀರು, ಮತ್ತೊಂದು ಕಡೆ ಬೆಂಕಿ.

೩

ಇಲ್ಲಿ ಒಂದು ದುಃಖದ ಸಂಗತಿಯನ್ನು ಹೇಳದೆ ಬಿಡುವಂತಿಲ್ಲ. ನಾವಿಕರ ಆರೋಗ್ಯರಕ್ಷಣೆಯನ್ನು ಕುರಿತ ಕುಕ್ಕನ ಲೇಖನಕ್ಕೆ ೧೭೭೬ರಲ್ಲಿ ರಾಯಲ್ ಸೊಸೈಟಿಯ ಕಾಪ್ಲಿ ಪದಕವು ದೊರೆಯಿತು. ಆ ಲೇಖನದಲ್ಲಿ ಅವನು ಮಾಲ್ಟಿನ ಸಿಹಿರಸವನ್ನು ಸ್ಕರ್ವಿಗೆ ಉತ್ತಮ ಔಷಧಗಳಲ್ಲೊಂದೆಂದು ಹೊಗಳಿದ್ದನು. ಸೊಸೈಟಿಯ ಅಧ್ಯಕ್ಷನಾಗಿದ್ದ ಸರ್ ಜಾನ್ ಪ್ರಿಂಗಲ್ಲನೂ ಮಾಲ್ಟಿನ ಪಕ್ಷಪಾತಿಯೇ. ವಾಸ್ತವವಾಗಿ ಒಣಗಿಸಿದ ಮಾಲ್ಟಿನಲ್ಲಾಗಲಿ ಅದರ ಪಾಕದಲ್ಲಾಗಲಿ ಸ್ಕರ್ವಿಯನ್ನು ಗುಣಪಡಿಸುವ ‘ಸಿ’ ಜೀವಸತ್ತ್ವವು ಇರುವುದಿಲ್ಲ. ಕುಕ್ಕನ ಜನರನ್ನು ಕಾಪಾಡಿದುದು ಅವನು ರೇವುರೇವಿನಲ್ಲಿಯೂ ತಪ್ಪದೆ ಕೂಡಿಸುತ್ತಿದ್ದ ಹಸಿ ಸೊಪ್ಪು ತರಕಾರಿಗಳು. ಆದರೆ ಅವನ ಕೀರ್ತಿಯ ಒಂದು ಪಾಲು ಮಾಲ್ಟಿಗೆ ಸಂದಿತು; ಲಿಂಡನ ನಿಂಬೆಯು ಮೂಲೆಗೆ ಬಿದ್ದಿತು. ಬ್ರಿಟಿಷ್ ನೌಕಾಖಾತೆಯು ನಿಂಬೆಯ ರಸವನ್ನು ಕ್ರಮವಾಗಿ ಕೊಡಲು ಒಪ್ಪಿದುದು ೧೭೯೫ರಲ್ಲಿ, ಲಿಂಡನ ಪರೀಕ್ಷೆ ನಡೆದು ನಲವತ್ತೆಂಟು ವರ್ಷಗಳಾದ ಮೇಲೆ. ಅಷ್ಟರಲ್ಲಿ ಸತ್ತವರ ಸಾವಿಗೆ, ತಪ್ಪು ಸಿದ್ಧಾಂತವೊಂದಕ್ಕೆ ದೊಡ್ಡವರ ಹೆಸರಿನ ಬೆಂಬಲ ದೊರೆತುದೂ ಒಂದು ಕಾರಣ.

ಔಷಧವಾಗಿ ಸೋತ ಪಾಕವು ಆಹಾರವಾಗಿ ಮತ್ತೆ ತಲೆಯೆತ್ತಿತು. ಇದಕ್ಕೆ ದಾರಿಯಾದುದು ಸಕ್ಕರೆಯ ಕಾರ್ಖಾನೆಯಲ್ಲಿ ಹುಟ್ಟಿದ ಒಂದು ಉಪಾಯ. ಎಡ್ವರ್ಡ್ ಚಾರ್ಲ್ಸ್ ಹೋವರ್ಡ್ ಎಂಬ ಇಂಗ್ಲಿಷ್ ರಸಾಯನಜ್ಞನು ೧೮೧೩ರಲ್ಲಿ ನಿರ್ವಾತ ಬಾಣಲೆಗೆ ಪೇಟೆಂಟು ಪಡೆದನು. ಮುಚ್ಚಿದ ಪಾತ್ರೆಯಿಂದ ಗಾಳಿಯನ್ನು ಹೊರಕ್ಕೆ ಎಳೆದರೆ ರಸವು ಬಹಳ ಕಡಮೆ ಬಿಸಿಯಲ್ಲಿಯೇ ಕುದಿಯುತ್ತದೆ. ಸೀಯದೆ ಕಪ್ಪಾಗದೆ ಗಟ್ಟಿಯಾಗುತ್ತದೆ. ಇದೇ ಉಪಾಯವನ್ನು ಮಾಲ್ಟಿನ ರಸಕ್ಕೂ ಅನ್ವಯಿಸಿದಾಗ ಪೆಲ್‌ಹ್ಯಾಮನ ಸಂಕಟವು ಪರಿಹಾರವಾಯಿತು. ನೂರು ಪಾಲಿನಲ್ಲಿ ಎಂಬತ್ತು ಪಾಲು ಘನಾಂಶ, ಇಪ್ಪತ್ತು ಪಾಲು ನೀರು ಎಂಬ ಹದದ ಪಾಕವು ಸಾಧ್ಯವಾಯಿತು. ಇಂದಿಗೂ ದ್ರವಸಾರದ ಹದವು ಸುಮಾರಾಗಿ ಇಷ್ಟೇ.

೧೮೬೫ರಲ್ಲಿ ಜರ್ಮನಿಯ ಪ್ರಖ್ಯಾತ ರಸಾಯನಜ್ಞ ಲೀಬಿಗ್ ಎಂಬವನು ಗೋದಿಹಿಟ್ಟು, ಮಾಲ್ಟು, ಹಸುವಿನ ಹಾಲುಗಳಿಂದ ಶಿಶುಗಳ ಆಹಾರವೊಂದನ್ನು ಕಲ್ಪಿಸಿದನು. ಆ ಬಳಿಕ ಮಾಲ್ಟಿನ ಪಾಕವು ಔಷಧವ್ಯಾಪಾರಿಗಳ ಕಪಾಟನ್ನು ಸೇರಿ, ಮೀನೆಣ್ಣೆಯೊಡನೆ ಬೆರೆತು, ಬಡಕಲು ಮಕ್ಕಳ ಟಾನಿಕ್ಕಾಯಿತು. ಅಮೆರಿಕೆಯ ರಸೀನ್ ಪಟ್ಟಣದಲ್ಲಿ ನೆಲಸಿದ ಹಾರ್ಲಿಕ್ ಸೋದರರು ಮಾಲ್ಟನ್ನೂ ಹಾಲನ್ನೂ ಕೂಡಿಸಿ ಒಣಗಿಸಿ, ೧೮೮೩ರಲ್ಲಿ ಪೇಟೆಂಟು ಪಡೆದು, ಭಾರತದ ಮನೆಗಳಿಗೂ ಚಿರಪರಿಚಿತವಾದ ಪುಡಿಯನ್ನು ಪ್ರಚಾರಕ್ಕೆ ತಂದರು. ದ್ರವಗಳನ್ನು ತುಂತುರಾಗಿ ಚಿಮ್ಮಿಸಿ ಬಿಸಿಗಾಳಿಯಲ್ಲಿ ಒಣಗಿಸುವ ವಿಧಾನಕ್ಕೆ ಸ್ಯಾಮ್ಯುಯೆಲ್ ಪರ್ಸಿ ಎಂಬವನು ೧೮೭೨ರಲ್ಲಿಯೇ ಅಮೆರಿಕೆಯಲ್ಲಿ ಪೇಟೆಂಟು ಪಡೆದಿದ್ದನು. ಇಪ್ಪತ್ತನೆಯ ಶತಮಾನದಲ್ಲಿ ಈ ವಿಧಾನವು ಹಾಲಿನ ಪುಡಿಯ ಉದ್ಯಮದಲ್ಲಿ ಬಲಿತು, ಮಾಲ್ಟಿಗೂ ಉಪಯುಕ್ತವಾಯಿತು. ಎತ್ತರವಾದ ಗೋಪುರದೊಳಗೆ ಪಾಕವು ಮಂಜಿನಂತೆ ಚಿಮ್ಮುತ್ತದೆ. ಹನಿಯು ಕೆಳಗೆ ಬೀಳುವಷ್ಟರಲ್ಲಿ ನೀರು ಹಾರಿಹೋಗಿ ಪುಡಿಯಾಗುತ್ತದೆ. ಅದರಲ್ಲಿ ಉಳಿಯುವ ನೀರು ನೂರಕ್ಕೆ ಎರಡರಿಂದ ಐದು ಪಾಲು ಮಾತ್ರ.

ಇದರಿಂದ ಒಂದು ವಿಷಯವು ಸ್ಪಷ್ಟವಾಗುತ್ತದೆ. ಪುಡಿಯು ಪಾಕಕ್ಕೆ ಬೇರೆಯಾದ ವಸ್ತುವಲ್ಲ; ಪಾಕವೇ ಇನ್ನೊಂದು ಮೆಟ್ಟಿಲನ್ನು ಹತ್ತಿದಾಗ ಪುಡಿಯಾಗುತ್ತದೆ. ಒಂದನ್ನು ಸಹಜವೆಂದೂ ಮತ್ತೊಂದನ್ನು ಕೃತಕವೆಂದೂ ವಿಭಾಗಿಸುವುದಕ್ಕೆ ಆಧಾರವಿಲ್ಲ. ನಿರ್ವಾತ ಬಾಣಲೆಯಿಂದ ಇಳಿದ ಪಾಕವೂ ಯಂತ್ರದ ಕೂಸೇ.

೪

ಮಾಲ್ಟುಸಾರವು ಮನೆಯ ಬೀರಿಗೆ ಮೂಲದ್ರವ್ಯವಾದುದು ಹೇಗೆಂಬುದನ್ನು ತಿಳಿಯಲು ರಾಜಶಾಸನಗಳ ಕಡೆಗೆ ತಿರುಗಬೇಕು. ಇಂಗ್ಲೆಂಡಿನಲ್ಲಿ ೧೬೯೭ರಿಂದ ಮಾಲ್ಟಿನ ಮೇಲೆ ತೆರಿಗೆಯಿತ್ತು. ೧೮೮೦ರಲ್ಲಿ ಗ್ಲಾಡ್‌ಸ್ಟನ್ನನು ಅದನ್ನು ತೆಗೆದು ಬೀರಿನ ಮೇಲೆಯೇ ಸುಂಕವನ್ನು ವಿಧಿಸಿದನು. ಮನೆಯಲ್ಲಿ ಬೀರು ಮಾಡುವವರಿಗೂ ಲೈಸೆನ್ಸು ಬೇಕೆಂದು ಆಗ ಗೊತ್ತಾಯಿತು. ತಲೆಮಾರುಗಳಿಂದ ಅಡಿಗೆಮನೆಯ ಕೆಲಸವಾಗಿದ್ದುದು ಹೀಗೆ ಕಾನೂನಿನ ಕಟ್ಟಿಗೆ ಒಳಗಾಗಿ ಕ್ಷೀಣಿಸಿತು. ೧೯೬೩ರಲ್ಲಿ ಅರ್ಥಸಚಿವ ರೆಜಿನಾಲ್ಡ್ ಮಾಡ್ಲಿಂಗ್ ಈ ಲೈಸೆನ್ಸನ್ನು ರದ್ದುಪಡಿಸಿದಾಗ ಕಸಬು ಮತ್ತೆ ಚಿಗುರಿತು. ಆದರೆ ಆ ವೇಳೆಗೆ ಮಾಲ್ಟನ್ನು ನೆನೆಯಿಸಿ ಸೋಸುವ ದೊಡ್ಡ ಪಾತ್ರೆಗಳೂ ಅದರ ಹದವನ್ನು ಬಲ್ಲ ಕೈಗಳೂ ಬಹುಮಟ್ಟಿಗೆ ಮರೆಯಾಗಿದ್ದವು. ಡಬ್ಬಿಯ ಪಾಕವು ಆ ಕೊರತೆಯನ್ನು ತುಂಬಿತು.

ಅಮೆರಿಕೆಯ ಕಥೆಯು ಇದಕ್ಕಿಂತ ವಿಚಿತ್ರವಾದುದು. ಅಲ್ಲಿ ೧೯೨೦ರ ಜನವರಿಯಿಂದ ೧೯೩೩ರ ಡಿಸೆಂಬರಿನವರೆಗೆ ಪಾನನಿಷೇಧವು ಜಾರಿಯಲ್ಲಿತ್ತು. ಬೀರನ್ನು ಮಾರುವುದು ಅಪರಾಧ. ಆದರೆ ಮಾಲ್ಟಿನ ಪಾಕವನ್ನು ಮಾರುವುದು ಅಪರಾಧವಲ್ಲ, ಏಕೆಂದರೆ ರೊಟ್ಟಿ ಮಿಠಾಯಿಗಳಿಗೂ ಅದು ಬೇಕು. ಪ್ಯಾಬ್ಸ್ಟ್, ಆನ್‌ಹೈಸರ್-ಬುಷ್ ಮೊದಲಾದ ಬೀರಿನ ಸಂಸ್ಥೆಗಳೇ ಪಾಕದ ಡಬ್ಬಿಗಳನ್ನು ಮಾರಿದವು. ಕೆಲವು ಡಬ್ಬಿಗಳ ಪಾಕಕ್ಕೆ ಹಾಪ್ ಹೂವಿನ ಕಹಿಯನ್ನೂ ಕೂಡಿಸಲಾಗಿತ್ತು. ಹಾಪ್ ಬೆರೆತ ರೊಟ್ಟಿಯನ್ನು ಯಾರು ತಿನ್ನುವರೆಂದು ಕೇಳಬೇಕಾದ ಅಗತ್ಯವು ಕೊಳ್ಳುವವರಿಗೂ ಇರಲಿಲ್ಲ, ಮಾರುವವರಿಗೂ ಇರಲಿಲ್ಲ. ಆ ಡಬ್ಬಿಯ ಪಾಕಕ್ಕೆ ಬಿಳಿ ಸಕ್ಕರೆಯನ್ನೂ ರೊಟ್ಟಿಯ ಯೀಸ್ಟನ್ನೂ ಧಾರಾಳವಾಗಿ ಸೇರಿಸಿ ಮನೆಯ ನೆಲಮಾಳಿಗೆಯಲ್ಲಿ ಹುದುಗಿಸಿದ ಪಾನೀಯವು ರುಚಿಗೆ ಹೆಸರಾಗಲಿಲ್ಲ. ಪಾಕದ ಬೀರೆಂದರೆ ಕೀಳೆಂಬ ಅಪಖ್ಯಾತಿಯ ಮೂಲವನ್ನು ಬಹುಮಟ್ಟಿಗೆ ಇಲ್ಲಿಯೇ ಹುಡುಕಬೇಕು. ದೋಷವಿದ್ದುದು ಪಾಕದ ರೂಪದಲ್ಲಲ್ಲ. ಹಳೆಯ ಡಬ್ಬಿ, ಹೆಚ್ಚಾದ ಸಕ್ಕರೆ, ಒರಟು ಯೀಸ್ಟು, ಅವಸರ ಇವುಗಳಲ್ಲಿ.

ನಿಷೇಧವು ತೊಲಗಿದ ಮೇಲೂ ಅಮೆರಿಕೆಯಲ್ಲಿ ಮನೆಯ ಬೀರು ಶಾಸನಸಮ್ಮತವಾಗಲಿಲ್ಲ. ೧೯೭೮ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಮಾಡಿದ ಕಾನೂನು ೧೯೭೯ರ ಫೆಬ್ರುವರಿಯಲ್ಲಿ ಜಾರಿಗೆ ಬಂದು, ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ ಇನ್ನೂರು ಗ್ಯಾಲನ್ನುಗಳ ಮಿತಿಯಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ರಾಜ್ಯಗಳ ಕಾನೂನು ಬೇರೆ ಇದ್ದುದರಿಂದ ಕೊನೆಯ ಎರಡು ರಾಜ್ಯಗಳಾದ ಮಿಸಿಸಿಪ್ಪಿ ಅಲಬಾಮಗಳು ಇದನ್ನು ಅನುಮೋದಿಸಿದುದು ೨೦೧೩ರಲ್ಲಿ. ಇದಾದ ಮೇಲೆ ಹವ್ಯಾಸಿಗಳ ಪೇಟೆಯು ಬೆಳೆದು, ಪಾಕದ ಡಬ್ಬಿಯ ಪಕ್ಕದಲ್ಲಿ ಪುಡಿಯ ಚೀಲವೂ ಬಂದು ಕುಳಿತಿತು.

೫

ಇನ್ನು ಎರಡರ ತಾರತಮ್ಯವನ್ನು ವಿಚಾರಿಸಬಹುದು. ಮೊದಲನೆಯದು ತೂಕ. ಪಾಕದ ಐದನೆಯ ಒಂದು ಪಾಲು ನೀರಾದುದರಿಂದ ಪಾಕವನ್ನೂ ಪುಡಿಯನ್ನೂ ಸಮತೂಕವಾಗಿ ಬದಲಿಸಕೂಡದು. ಒಂದು ಕಿಲೋಗ್ರಾಂ ಸಾರವನ್ನು ಕರಗಿಸಿ ಹತ್ತು ಲೀಟರು ರಸ ಮಾಡಿದರೆ, ಪಾಕವಾದಲ್ಲಿ ಅದರ ಸಾಂದ್ರತೆಯು ಸುಮಾರು ೧.೦೩೦, ಪುಡಿಯಾದಲ್ಲಿ ಸುಮಾರು ೧.೦೩೭. ಇಪ್ಪತ್ತು ಲೀಟರು ರಸವು ೧.೦೪೫ರ ಸಾಂದ್ರತೆಗೆ ಬರಬೇಕಾದರೆ ಪಾಕವು ಮೂರು ಕಿಲೋಗ್ರಾಂ ಬೇಕು. ಪುಡಿಯಾದರೆ ಎರಡು ಕಿಲೋಗ್ರಾಂ ನಾನೂರೈವತ್ತು ಗ್ರಾಮಿನೊಳಗೆ ಸಾಕು. ಬೆಲೆಯನ್ನು ಹೋಲಿಸುವಾಗಲೂ ಇದೇ ಲೆಕ್ಕವನ್ನು ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ಅಗ್ಗವೆಂದು ಕಂಡ ಡಬ್ಬಿಯಲ್ಲಿ ನೀರನ್ನು ಕೊಂಡಂತಾಗುತ್ತದೆ.

ಎರಡನೆಯದು ಕೆಲಸದ ಅನುಕೂಲ. ಪಾಕವು ಅಂಟು, ಡಬ್ಬಿಯನ್ನು ಬಿಸಿನೀರಿನಲ್ಲಿ ಇಟ್ಟು ತೆಳ್ಳಗೆ ಮಾಡಿಕೊಳ್ಳಬೇಕು, ಉರಿಯ ಮೇಲಿರುವ ಪಾತ್ರೆಗೆ ಹಾಗೆಯೇ ಹೊಯ್ದರೆ ತಳಕ್ಕಿಳಿದು ಸೀಯುತ್ತದೆ. ಪುಡಿಯಾದರೋ ತೇವವನ್ನು ಆತುರದಿಂದ ಹೀರುವ ವಸ್ತು. ಕುದಿಯುವ ಪಾತ್ರೆಯ ಹಬೆ ತಗುಲಿದ ಕೂಡಲೇ ಚಮಚಕ್ಕೆ ಗಂಟುಗಂಟಾಗಿ ಅಂಟಿಕೊಳ್ಳುತ್ತದೆ. ಎರಡಕ್ಕೂ ಪಾತ್ರೆಯನ್ನು ಒಲೆಯಿಂದ ಇಳಿಸಿ ಕಲಸುವುದೇ ಪರಿಹಾರ. ಸ್ವಲ್ಪವೇ ಸಾರ ಬೇಕಾದಲ್ಲಿ, ಉದಾಹರಣೆಗೆ ಯೀಸ್ಟನ್ನು ಮುಂಚಿತವಾಗಿ ಬೆಳೆಸಿಕೊಳ್ಳಲು ಲೀಟರಿಗೆ ನೂರು ಗ್ರಾಮಿನಂತೆ ಬೇಕಾದಲ್ಲಿ, ಪುಡಿಯೇ ಲೇಸು. ತೂಗುವುದು ಸುಲಭ, ಉಳಿದುದನ್ನು ಬಾಯಿ ಕಟ್ಟಿ ಇಡಬಹುದು. ತೆರೆದ ಪಾಕದ ಡಬ್ಬಿಯನ್ನು ಹಾಗೆ ನಂಬುವಂತಿಲ್ಲ. ಆದರೆ ಧಾನ್ಯಭೇದದಿಂದಲೂ ಹುರಿಭೇದದಿಂದಲೂ ಆದ ನಾನಾ ಬಗೆಗಳು ಪಾಕದಲ್ಲಿ ಹೆಚ್ಚಾಗಿ ದೊರೆಯುತ್ತವೆ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಕಾಲ. ಲೂಯಿ ಕಮೀಯ್ ಮಾಯಾರ್ ಎಂಬ ಫ್ರೆಂಚ್ ವಿಜ್ಞಾನಿಯು ೧೯೧೨ರಲ್ಲಿ, ಸಕ್ಕರೆಗಳೂ ಅಮೈನೊ ಆಮ್ಲಗಳೂ ಕೂಡಿದಾಗ ಕಂದುಬಣ್ಣದ ಪದಾರ್ಥಗಳು ಹುಟ್ಟುವುದನ್ನು ವರ್ಣಿಸಿದನು. ರೊಟ್ಟಿಯ ಹೊರಮೈ ಕೆಂಪಗಾಗುವುದು ಇದರಿಂದಲೇ. ಮಾಲ್ಟುಸಾರದಲ್ಲಿ ಇವೆರಡೂ ಇವೆ. ಈ ಕ್ರಿಯೆಗೆ ನೀರು ಅತಿಯಾದರೂ ಕಷ್ಟ, ತೀರ ಇಲ್ಲದಿದ್ದರೂ ಕಷ್ಟ. ಪಾಕದಲ್ಲಿ ಉಳಿದಿರುವಂಥ ಮಧ್ಯಮ ಪ್ರಮಾಣವೇ ಅದಕ್ಕೆ ಹಿತ. ಆದುದರಿಂದ ಬೆಚ್ಚಗಿರುವ ಉಗ್ರಾಣದಲ್ಲಿ ತಿಂಗಳುಗಟ್ಟಲೆ ಇಟ್ಟ ಪಾಕವು, ಡಬ್ಬಿಯ ಬಾಯಿ ಭದ್ರವಾಗಿದ್ದರೂ, ಒಳಗೊಳಗೇ ಕಪ್ಪೇರುತ್ತದೆ. ಅದರಿಂದ ಮಾಡಿದ ಬೀರು ಹೊಂಬಣ್ಣಕ್ಕೆ ಬದಲಾಗಿ ಕಂದಾಗಿ, ನಾಲಗೆಗೆ ಹಳಸಲೆನಿಸುತ್ತದೆ. ಚೆನ್ನಾಗಿ ಮುಚ್ಚಿದ ಪುಡಿಯಲ್ಲಿ ಈ ಕ್ರಿಯೆಯು ಬಹಳ ಮಂದ. ಪುಡಿಯು ತನಗೆ ಬರಬೇಕಾದ ಬಿಸಿಯನ್ನು ಗೋಪುರದಲ್ಲಿ ಕ್ಷಣಮಾತ್ರದಲ್ಲಿ ಅನುಭವಿಸಿ ಮುಗಿಸುತ್ತದೆ. ಪಾಕವು ಅದೇ ಋಣವನ್ನು ಅಂಗಡಿಯ ಬಡುವಿನ ಮೇಲೆ ದಿನದಿನವೂ ತೀರಿಸುತ್ತಿರುತ್ತದೆ.

ಇಷ್ಟರಿಂದ ನಿರ್ಣಯವು ಸುಲಭವಾಗುತ್ತದೆ. ತಯಾರಾಗಿ ಕೆಲವೇ ವಾರಗಳಾದ, ತಂಪಿನಲ್ಲಿ ಇರಿಸಿದ ಪಾಕವು ಪುಡಿಗೆ ಯಾವ ವಿಧದಲ್ಲಿಯೂ ಕಡಮೆಯಲ್ಲ. ಕಾರ್ಖಾನೆಯ ಸಮೀಪದಲ್ಲಿದ್ದು ಕೊಂಡುದನ್ನು ಬೇಗ ಬಳಸುವವನಿಗೆ ಅದೇ ಯೋಗ್ಯ. ದೂರದೇಶದಲ್ಲಿರುವವನಿಗೆ, ಡಬ್ಬಿಯ ವಯಸ್ಸನ್ನು ತಿಳಿಯಲಾರದವನಿಗೆ, ಬೆಳ್ಳನೆಯ ಬೀರನ್ನು ಬಯಸುವವನಿಗೆ, ಸ್ವಲ್ಪಸ್ವಲ್ಪವಾಗಿ ಬಳಸುವವನಿಗೆ ಪುಡಿಯೇ ಯೋಗ್ಯ. ಕಪ್ಪು ಬೀರಿಗಾದರೆ ಬಣ್ಣದ ಭೇದವು ಅಷ್ಟಾಗಿ ತೋರದು. ಎಲ್ಲಕ್ಕೂ ಮೊದಲು ನೋಡಬೇಕಾದುದು ಡಬ್ಬಿಯ ಮೇಲಿನ ತಾರೀಖು; ವಸ್ತುವಿನ ರೂಪವು ಆಮೇಲಿನ ಮಾತು.

ಪೆಲ್‌ಹ್ಯಾಮನ ಪೀಪಾಯಿಗಳು ಉಷ್ಣವಲಯದಲ್ಲಿ ಉಕ್ಕಿದ ದಿನ ಕುಕ್ಕನು ಬಯಸಿದುದು ದೂರದ ಹಾದಿಯನ್ನೂ ಸೆಕೆಯನ್ನೂ ತಾಳಬಲ್ಲ ಸಾರವೊಂದನ್ನು. ಆ ಬಯಕೆಯನ್ನು ನಿರ್ವಾತ ಬಾಣಲೆಯು ಅರ್ಧ ಪೂರೈಸಿತು, ತುಂತುರಿನ ಗೋಪುರವು ಉಳಿದರ್ಧವನ್ನು ಪೂರೈಸಿತು. ಆದರೆ ಅವನ ಹಡಗಿನಲ್ಲಿ ನಿಜವಾಗಿ ಬೇಕಾಗಿದ್ದ ನಿಂಬೆಯ ಹಣ್ಣಿಗೆ ಈ ಎರಡರಲ್ಲಿ ಯಾವುದೂ ಸಾಟಿಯಾಗುತ್ತಿರಲಿಲ್ಲ. ವಸ್ತುವೊಂದನ್ನು ಕೆಡದಂತೆ ಇಡುವ ವಿದ್ಯೆ ಬೇರೆ, ಅದು ಯಾವುದಕ್ಕೆ ತಕ್ಕುದೆಂದು ಅರಿಯುವ ವಿವೇಕ ಬೇರೆ. ಮಾಲ್ಟುಸಾರದ ಚರಿತ್ರೆಯಲ್ಲಿ ಮೊದಲನೆಯದು ಕೈಗೂಡಲು ನೂರು ವರ್ಷಗಳಿಗೂ ಮೀರಿ ಹಿಡಿಯಿತು. ಎರಡನೆಯದು ತಡವಾದುದಕ್ಕೆ ನಾವಿಕರು ತಮ್ಮ ಪ್ರಾಣಗಳನ್ನು ತೆತ್ತರು.